ಕೋವಿ ಬಿಟ್ಟವನ ಸಿಟ್ಟು

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ವಾರಕ್ಕೊಮ್ಮೆ ಜೈಲಿಗೆ ಹೋಗಿ ಕೈದಿಗಳಿಗೆ ಓದು-ಬರಹ ಕಲಿಸುತ್ತೇನೆ. ಅವರಲ್ಲೊಬ್ಬ ನಕ್ಸಲ್ ದಳದಲ್ಲಿದ್ದು ಶರಣಾದವನು. ಕೋವಿ ಹಿಡಿದದ್ದು ತಪ್ಪು ಅನ್ನುತ್ತಾನೆ. ಕಾಡಿನ ಜನರ ಭೂಮಿಯ ಮಾತು ಬಂದರೆ ಮಾತ್ರ ಈಗಲೂ ಕೆರಳುತ್ತಾನೆ. ‘ಅವನೇನೂ ಬದಲಾಗಿಲ್ಲ, ನಿಮಗ್ಯಾಕಪ್ಪಾ ಈ ಉಸಾಬರಿ’ ಎಂದು ಮಗಳು ಗದರುತ್ತಾಳೆ. ಅವನನ್ನು ನಂಬಬಹುದೇ?
– ಹೆಸರು, ಊರು ಬೇಡ

ಉತ್ತರ: ಮೇಷ್ಟ್ರೇ, ಅವನು ಮತ್ತೆ ಕೋವಿ ಹಿಡಿಯುತ್ತಾನೆಯೇ ಎಂಬುದು ಒಂದು ಪ್ರಶ್ನೆ, ಅವನ ಸಿಟ್ಟು ಆರಿದೆಯೇ ಎಂಬುದು ಬೇರೆಯದೇ ಪ್ರಶ್ನೆ. ನಾವು ಕೇಳಬೇಕಾದದ್ದು ಮೊದಲನೆಯದನ್ನು. 2014ರಲ್ಲಿ ನಕ್ಸಲ್ ದಾರಿ ಬಿಟ್ಟು ಮುಖ್ಯವಾಹಿನಿಗೆ ಬಂದ ಸಿರಿಮನೆ ನಾಗರಾಜ್, ನೂರ್ ಶ್ರೀಧರ್ ಹೋರಾಟ ಬಿಡಲಿಲ್ಲ, ದಾರಿ ಬದಲಿಸಿದರು. 2025ರ ಜನವರಿ 8ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮುಂದೆ ಶರಣಾದ ಆರು ಮಂದಿ ನಕ್ಸಲರೂ ಬೇಡಿಕೆ ಇಟ್ಟುಕೊಂಡೇ ಬಂದರು. ಅವರ ಕೈಗೆ ಸಿಕ್ಕಿದ್ದು ಸಂವಿಧಾನದ ಪ್ರತಿ. ಸಿಟ್ಟಿಗೆ ಅದರಲ್ಲಿ ಜಾಗವುಂಟು, ಕೊಲೆಗಿಲ್ಲ.

ಶರಣಾದ ಮೇಲೆ ಏನು ಎಂಬುದಕ್ಕೆ ಹೊರದೇಶಗಳ ಅನುಭವವನ್ನೂ ನೋಡಿ. ಸಿಂಗಪುರದಲ್ಲಿ 2003ರಿಂದ ಬಂಧಿತ ಉಗ್ರರ ಜೊತೆ ಧರ್ಮಗುರುಗಳೇ ಕೂತು ವಾದಿಸುತ್ತಾರೆ. ಆಚೆ ಅವರ ಹೆಂಡತಿ ಮಕ್ಕಳ ಓದು, ದುಡಿಮೆ ನೋಡಿಕೊಳ್ಳಲು ಬೇರೆಯೇ ಗುಂಪಿದೆ. ನನಗೆ ಈ ಎರಡನೆಯದೇ ದೊಡ್ಡದಾಗಿ ಕಾಣುತ್ತದೆ. ಶ್ರೀಲಂಕಾದಲ್ಲಿ 2009ರಲ್ಲಿ ಯುದ್ಧ ಮುಗಿದ ನಂತರ ಎಲ್‌ಟಿಟಿಇಯ ಹನ್ನೊಂದು ಸಾವಿರಕ್ಕೂ ಹೆಚ್ಚು ಮಂದಿಗೆ ಶಿಬಿರಗಳಲ್ಲಿ ಕಸುಬು ಕಲಿಸಿದರು. ಊರಿಗೆ ಮರಳಿದ ಎಷ್ಟೋ ಮಂದಿಗೆ ಸಿಕ್ಕಿದ್ದು ಕೆಲಸವಲ್ಲ, ಬೆನ್ನು ಹತ್ತಿದ ಗುಪ್ತಚರರು ಮತ್ತು ಅಕ್ಕಪಕ್ಕದವರ ಅನುಮಾನ.

ಹಾಗಾಗಿ ನಿಮ್ಮ ಆ ಕೈದಿಯ ತಲೆಯೊಳಗೆ ಇಣುಕುವ ಕೆಲಸ ನಿಮಗೆ ಬೇಡ. ಹಳೆಯ ಕಥೆಗಳನ್ನು ಕೆದಕಬೇಡಿ. ಶರಣಾದ ಮಾತ್ರಕ್ಕೆ ಕೇಸುಗಳು ಬಿದ್ದುಹೋಗುವುದಿಲ್ಲ, ನಿಮ್ಮೆದುರು ಆಡಿದ ಮಾತು ನಾಳೆ ಸಾಕ್ಷ್ಯವಾದೀತು. ವಕೀಲರಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಬರೆಯಲು ಕಲಿಸಿ. ಬಂಧನದಲ್ಲಿರುವವರಿಗೆ ಅಲ್ಲಿ ವಕೀಲರು ಉಚಿತ. ಅಕ್ಷರಾಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠವೂ ಇರಲಾರದು! ದಳದ ಗುಂಡಿಗೆ ಸತ್ತವರ ಬಗ್ಗೆ, ಪೊಲೀಸರಾಗಲಿ, ಮಾಹಿತಿದಾರನೆಂಬ ಹಣೆಪಟ್ಟಿ ಹೊತ್ತ ಹಳ್ಳಿಗನಾಗಲಿ, ಅವನಾಗಿಯೇ ಮಾತಾಡಿದರೆ ಸುಮ್ಮನೆ ಕೇಳಿಸಿಕೊಳ್ಳಿ. ಮನುಷ್ಯರೆಂದು ಅವರನ್ನು ನೆನೆಯುತ್ತಾನೋ, ಇನ್ನೂ ‘ಶತ್ರು’ ಎನ್ನುತ್ತಾನೋ? ನಾನಾದರೆ ಅದನ್ನೇ ಗಮನಿಸುತ್ತಿದ್ದೆ. ಸಣ್ಣಪುಟ್ಟ ಕಳ್ಳತನಕ್ಕೆ ಒಳಗೆ ಬಂದ ಹುಡುಗರನ್ನು ಅವನು ದಳಕ್ಕೆ ಎಳೆಯುವಂತೆ ಕಂಡರೆ ಮುಲಾಜಿಲ್ಲದೆ ಸೂಪರಿಂಟೆಂಡೆಂಟರಿಗೆ ತಿಳಿಸಿ.

ಪಾಠ ನಿಲ್ಲಿಸಬೇಡಿ. ಮನೆಯ ವಿಳಾಸ, ಫೋನ್ ನಂಬರು ಮಾತ್ರ ಸದ್ಯಕ್ಕೆ ಕೊಡುವುದು ಬೇಡ. ಅಷ್ಟರಮಟ್ಟಿಗೆ ಮಗಳ ಮಾತು ಕೇಳಿ.