ಮಗಳಿಗೆ ಮಾತ್ರೆ ಕೊಡಬೇಕೇ?

ಪ್ರಶ್ನೆ: ಹತ್ತು ವರ್ಷದ ಮಗಳು ಕೈ ಕೆಂಪಾಗುವಷ್ಟು ತೊಳೆಯುತ್ತಾಳೆ. ‘ಅಮ್ಮಾ, ನಿಂಗೇನೂ ಆಗಲ್ಲ ಅಲ್ವಾ?’ ಎಂದು ಪದೇಪದೇ ಕೇಳುತ್ತಾಳೆ. ವೈದ್ಯರು ಒಸಿಡಿ (ಗೀಳು ಕಾಯಿಲೆ) ಎಂದು ಮಾತ್ರೆ ಬರೆದಿದ್ದಾರೆ. ಕೊಡಲು ಭಯ.

ಉತ್ತರ: ನಿಮ್ಮ ಭಯ ಸಹಜ. ತೊಂದರೆ ಸೌಮ್ಯವಾಗಿದ್ದರೆ ಮೊದಲು ವರ್ತನಾ ಚಿಕಿತ್ಸೆಯೇ ಸಾಕಾಗಬಹುದು. ಆತಂಕ ಹುಟ್ಟಿಸುವುದನ್ನು ಹಂತಹಂತವಾಗಿ ಎದುರಿಸಿ, ಕೈ ತೊಳೆಯದೆ ತಡೆದುಕೊಳ್ಳಲು ಅವಳು ಕಲಿಯುತ್ತಾಳೆ. ಆದರೆ ಶಾಲೆ, ಊಟ, ನಿದ್ದೆ ಕೆಡುತ್ತಿದ್ದರೆ, ಅಥವಾ ಈ ಚಿಕಿತ್ಸೆಗೂ ಕೂರಲಾರದಷ್ಟು ಆತಂಕವಿದ್ದರೆ ಮಾತ್ರೆಯನ್ನು ಮುಂದೂಡಬೇಡಿ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಮಕ್ಕಳ ಒಸಿಡಿ ಅಧ್ಯಯನದಲ್ಲಿ, ವರ್ತನಾ ಚಿಕಿತ್ಸೆ, ಮಾತ್ರೆ ಎರಡನ್ನೂ ಒಟ್ಟಿಗೆ ಪಡೆದ ಮಕ್ಕಳಲ್ಲೇ ಹೆಚ್ಚು ಸುಧಾರಣೆ ಕಂಡಿತು.

ಒಸಿಡಿಗೆ ಕೊಡುವ ಸರ್ಟ್ರಾಲಿನ್‌ನಂಥ ಔಷಧ ಚಟ ಹಿಡಿಸುವುದಿಲ್ಲ. ಸಣ್ಣ ಪ್ರಮಾಣದಿಂದ ಆರಂಭಿಸುತ್ತಾರೆ. ಪರಿಣಾಮ ಸರಿಯಾಗಿ ತಿಳಿಯಲು 8ರಿಂದ 12 ವಾರ ಬೇಕು. ಆರಂಭದಲ್ಲಿ ಹೊಟ್ಟೆ ತೊಳಸುವುದು, ನಿದ್ದೆ ಕೆಡುವುದು ಉಂಟು. ವಿಪರೀತ ಚಡಪಡಿಕೆಯೋ ಸಾಯುವ ಮಾತೋ ಕಂಡರೆ ಅಂದೇ ವೈದ್ಯರಿಗೆ ತಿಳಿಸಿ. ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ.

ಅವಳು ಕೇಳಿದಾಗಲೆಲ್ಲ ‘ಏನೂ ಆಗಲ್ಲ’ ಎನ್ನುವುದನ್ನು ಚಿಕಿತ್ಸಕರ ನೆರವಿನಿಂದ ಕಡಿಮೆ ಮಾಡಿ; ಅದು ಕಾಯಿಲೆಯನ್ನೇ ಬೆಳೆಸುತ್ತದೆ. ಇನ್ನೊಂದು ಅಭಿಪ್ರಾಯ ಬೇಕಿದ್ದರೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.