ಎಸ್‌ಐ ಕೀಲಿನ ಬೆಸುಗೆ: ಗೆಲುವಿಗೆ ಒಂಬತ್ತು ಸೂತ್ರಗಳು

ಬೆನ್ನೆಲುಬಿನ ಬುಡದಲ್ಲಿ ತ್ರಿಕಾಸ್ಥಿ, ಅದರ ಎರಡು ಪಕ್ಕಕ್ಕೂ ಸೊಂಟದ ಅಗಲ ಮೂಳೆಗಳು. ಇವು ಕೂಡುವ ಕೀಲಿಗೆ ವೈದ್ಯರು ಹೇಳುವುದು ಎಸ್‌ಐ ಜಾಯಿಂಟ್ ಎಂದು. ಅದು ಅಲ್ಲಾಡುವುದು ಹೆಚ್ಚೆಂದರೆ 2ರಿಂದ 4 ಡಿಗ್ರಿ. ಆದರೂ ಬಿಡದೆ ಕಾಡುವ ಕೆಳಬೆನ್ನಿನ ನೋವಿನಲ್ಲಿ ಶೇ 15ರಿಂದ 30ರಷ್ಟಕ್ಕೆ ಈ ಕೀಲೇ ಮೂಲ ಎಂಬ ಅಂದಾಜಿದೆ. ಉಳಿದ ಚಿಕಿತ್ಸೆಗಳು ಸೋತಾಗ ಟೈಟಾನಿಯಂ ಇಂಪ್ಲಾಂಟ್ ಹಾಕಿ ಕೀಲನ್ನು ಬೆಸೆಯುತ್ತಾರೆ. ಗಾಯ ಸಣ್ಣದು, ಸಮಯ ಸುಮಾರು ಒಂದು ಗಂಟೆ. ಆದರೆ ಇದರ ಸೋಲು ಗೆಲುವು ಬಹುಪಾಲು ಥಿಯೇಟರಿನ ಬಾಗಿಲು ದಾಟುವ ಮೊದಲೇ ತೀರ್ಮಾನವಾಗಿರುತ್ತದೆ.

1. ಬೆರಳಿಟ್ಟು ತೋರಿಸಿ. ನೋವೆಲ್ಲಿ ಎಂದರೆ ಅನೇಕರು ಇಡೀ ಸೊಂಟದ ಮೇಲೆ ಅಂಗೈ ಆಡಿಸುತ್ತಾರೆ. ಎಸ್‌ಐ ನೋವಿನವರು ಸಾಮಾನ್ಯವಾಗಿ ಒಂದೇ ಬೆರಳನ್ನು ಒಂದೇ ಜಾಗಕ್ಕೆ ಒತ್ತುತ್ತಾರೆ. ಸೊಂಟದ ಹಿಂದೆ ಗುಳಿ ಬೀಳುವಲ್ಲಿ ಮೂಳೆಯ ತುದಿಯೊಂದು ಕೈಗೆ ಸಿಗುತ್ತದಲ್ಲ, ಅದರ ತುಸು ಕೆಳಗೆ, ಒಳಬದಿಗೆ. ಫೋರ್ಟಿನ್ ಬೆರಳು ಪರೀಕ್ಷೆ ಎಂದರೆ ಇಷ್ಟೇ. ಕಾಸಿನ ಖರ್ಚಿಲ್ಲ, ಅದಕ್ಕೇ ಇರಬೇಕು, ಇದಕ್ಕೆ ಬೆಲೆಯೂ ಇಲ್ಲ.

2. ಮೂರು ಪರೀಕ್ಷೆಯಾದರೂ ಹೌದೆನ್ನಲಿ. ರೋಗಿಯನ್ನು ಅಂಗಾತ ಮಲಗಿಸಿ, ತೊಡೆಯನ್ನು ನೇರಕ್ಕೆ ಎತ್ತಿ ಹಿಡಿದು, ಮಂಡಿಯಿಂದ ಹಾಸಿಗೆಯತ್ತ ಒತ್ತುವುದು ಒಂದು. ಸೊಂಟದ ಮೂಳೆಗಳನ್ನು ಎರಡೂ ಕಡೆಗೆ ಅಗಲಿಸುವುದು, ಪಕ್ಕದಿಂದ ಅದುಮುವುದು, ಬೋರಲು ಮಲಗಿಸಿ ತ್ರಿಕಾಸ್ಥಿಯನ್ನು ಒತ್ತುವುದು, ಒಂದು ಕಾಲನ್ನು ಮಂಚದಿಂದ ಕೆಳಗೆ ಇಳಿಬಿಡುವ ಗೇನ್ಸ್‌ಲೆನ್ ಪರೀಕ್ಷೆ ಉಳಿದವು. ಒಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಒತ್ತಿದಾಗ ಯಾವುದೋ ನೋವು ಬಂದರೆ ಸಾಲದು, ರಾತ್ರಿ ಮಗ್ಗುಲು ಬದಲಿಸುವಾಗ ಚುಳ್ಳೆನ್ನುವ ಆ ಮಾಮೂಲಿ ನೋವೇ ಬರಬೇಕು.

3. ಡಿಸ್ಕಿನ ಮೇಲೆ ಆತುರದ ಆರೋಪ ಬೇಡ. ಎಸ್‌ಐ ಕೀಲಿನಿಂದ ಬೆನ್ನುನೋವು ಬರುತ್ತದೆಂದು ವೈದ್ಯರಾದ ಗೋಲ್ಡ್‌ತ್ವೇಟ್ ಮತ್ತು ಆಸ್‌ಗುಡ್ 1905ರಲ್ಲೇ ಬರೆದಿದ್ದರು. 1920ರ ದಶಕದಲ್ಲಿ ಸ್ಮಿತ್ ಪೀಟರ್ಸನ್ ಕೀಲನ್ನು ತೆರೆದು ಬೆಸೆದೂ ತೋರಿಸಿದರು. 1934ರಲ್ಲಿ ಮಿಕ್ಸ್‌ಟರ್ ಮತ್ತು ಬಾರ್ ಜಾರಿದ ಡಿಸ್ಕಿನ ಕಥೆ ಹೇಳಿದ ಮೇಲೆ ಎಲ್ಲರ ಕಣ್ಣೂ ಅತ್ತ ಹೊರಳಿತು. ಆ ಗುಂಗು ಇನ್ನೂ ಪೂರ್ತಿ ಇಳಿದಿಲ್ಲ. ನಡುವಯಸ್ಸು ದಾಟಿದವರ ಎಂಆರ್‌ಐನಲ್ಲಿ ಸವೆದ ಡಿಸ್ಕ್ ಕಾಣುವುದು ಹೊಸತೇನಲ್ಲ. ಕಂಡದ್ದೆಲ್ಲ ನೋವಿನ ಮೂಲವೂ ಅಲ್ಲ.

4. ಇಂಪ್ಲಾಂಟ್ ಬೇಡದ ಕೀಲುಗಳನ್ನು ಗುರುತಿಸಿ. ಯುವಕನೊಬ್ಬನಿಗೆ ಬೆಳಗ್ಗೆ ಎದ್ದಾಗ ಬೆನ್ನು ಮರಗಟ್ಟಿದಂತಿದ್ದು ಓಡಾಡಿದರೆ ಸಡಿಲವಾಗುತ್ತದೆ ಎಂದರೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅನುಮಾನಿಸಿ. ಅವನಿಗೆ ಬೇಕಾದದ್ದು ಸಂಧಿವಾತ ತಜ್ಞರ ಔಷಧಿ. ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಕ್ಷಯವಿರಬಹುದು. ನಮ್ಮ ದೇಶದಲ್ಲಿ ಇದನ್ನು ಮರೆತು ಲೋಹ ಹಾಕುವುದು ಅಪಾಯ. ಚಪ್ಪೆಯ ಕೀಲಿನ ನೋವೂ ಇಲ್ಲೇ ಕಾಣಿಸಬಹುದು, ಅದನ್ನೂ ತಿರುಗಿಸಿ ನೋಡಿ.

5. ಇಂಜೆಕ್ಷನ್ನಿನ ತೀರ್ಪು ಕೇಳಿ. ಎಕ್ಸ್‌ರೇ ನೋಡುತ್ತಲೇ ಕೀಲಿನೊಳಗೆ ಮರಗಟ್ಟಿಸುವ ಔಷಧಿ ಬಿಟ್ಟಾಗ ನೋವು ಕನಿಷ್ಠ ಅರ್ಧಕ್ಕೆ ಇಳಿಯಬೇಕು. ಮುಕ್ಕಾಲು ಭಾಗ ಇಳಿಯಲೇಬೇಕು ಎನ್ನುವ ವೈದ್ಯರೂ ಇದ್ದಾರೆ. ಕೈಯಂದಾಜಿನಲ್ಲಿ ಚುಚ್ಚಿದ್ದು ಲೆಕ್ಕಕ್ಕಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಫಿಸಿಯೊಥೆರಪಿ, ಸೊಂಟಪಟ್ಟಿಗೆ ಆರು ತಿಂಗಳಾದರೂ ಅವಕಾಶ ಕೊಡಿ.

6. ದಾರಿ ಯಾವುದೆಂದು ಕೇಳಿ ತಿಳಿಯಿರಿ. ಹೆಚ್ಚು ಅಧ್ಯಯನವಾಗಿರುವುದು ಪಕ್ಕದ ದಾರಿ: ಪೃಷ್ಠದ ಬದಿಯಿಂದ ಸೊಂಟದ ಮೂಳೆ, ಕೀಲು, ತ್ರಿಕಾಸ್ಥಿ ಮೂರನ್ನೂ ದಾಟುವಂತೆ ಸಾಮಾನ್ಯವಾಗಿ ಮೂರು ಇಂಪ್ಲಾಂಟ್ ಕೂರಿಸುವುದು. ಈ ಪೈಕಿ ಹೆಸರಾದದ್ದು ಐಫ್ಯೂಸ್ ಎಂಬ ತ್ರಿಕೋನದ ಕಡ್ಡಿ. ಅಮೆರಿಕದ ಎಫ್‌ಡಿಎ ಅನುಮತಿ ಸಿಕ್ಕಿದ್ದು 2008ರಲ್ಲಿ. ಗುಂಡನೆಯ ಗೂಟ ತಿರುಗೀತು, ಮುಮ್ಮೂಲೆಯದು ತಿರುಗದು. ಒರಟು ಮೈಗೆ ಮೂಳೆ ನಿಧಾನವಾಗಿ ಹತ್ತಿಕೊಳ್ಳುತ್ತದೆ. ಇನ್ನೊಂದು ದಾರಿ ಹಿಂದಿನಿಂದ. ಅಲ್ಲಿ ದಾನಿಯ ಮೂಳೆಯ ತುಂಡನ್ನು ಕೀಲಿನ ಸಂದಿಗೆ ಬೆಣೆಯಾಗಿ ಹಾಕುತ್ತಾರೆ. ಗಾಯ ಚಿಕ್ಕದು, ನರಗಳ ಭಯವೂ ಕಡಿಮೆ. ಆದರೆ ಬಹುಕಾಲದ ಪುರಾವೆಯೂ ಅಷ್ಟೇ ಕಡಿಮೆ ಎಂಬುದನ್ನು ಮುಚ್ಚಿಡಬಾರದು.

7. ಮೂರು ಕೋನದಿಂದ ನೋಡದೆ ಸುತ್ತಿಗೆ ಎತ್ತಬೇಡಿ. ಇದು ಶಸ್ತ್ರವೈದ್ಯರಿಗೆ. ತ್ರಿಕಾಸ್ಥಿಯ ಭುಜದ ಮುಂದೆಯೇ ಎಲ್5 ನರ ಇಳಿಯುತ್ತದೆ, ಕೆಳಗೆ ಎಸ್1 ನರದ ರಂಧ್ರ. ಪಕ್ಕದ ನೋಟದಲ್ಲಿ ಭುಜದ ಗೆರೆಯ ಕೆಳಗೇ ಇಂಪ್ಲಾಂಟಿಗೆ ದಾರಿ ತೋರುವ ತಂತಿ ನಿಲ್ಲಲಿ. ಇನ್‌ಲೆಟ್ ನೋಟದಲ್ಲಿ ಮುಂದಕ್ಕೆ ಹೋಗಿಲ್ಲವೆಂದೂ ಔಟ್‌ಲೆಟ್ ನೋಟದಲ್ಲಿ ರಂಧ್ರಕ್ಕೆ ನುಗ್ಗಿಲ್ಲವೆಂದೂ ಖಚಿತವಾಗಲಿ. ಡ್ರಿಲ್ ತಿರುಗುವಾಗ ತಂತಿಯೂ ಅದರ ಜೊತೆ ಮೆಲ್ಲಗೆ ಒಳಸರಿಯುತ್ತದೆ, ಕೈಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಪ್ರತಿ ಹಂತಕ್ಕೂ ಸಿ-ಆರ್ಮ್ ಎಕ್ಸ್‌ರೇ ಒಮ್ಮೆ ತೆಗೆದು ನೋಡಿ. ಹುಟ್ಟಿನಿಂದ ತ್ರಿಕಾಸ್ಥಿಯ ಆಕಾರವೇ ಬೇರೆಯಿರುವವರಲ್ಲಿ ಈ ಗೆರೆಗಳೂ ದಾರಿ ತಪ್ಪಿಸುತ್ತವೆ. ಮೊದಲೇ ಸಿಟಿ ನೋಡಿ, ಸಾಧ್ಯವಿದ್ದರೆ ನ್ಯಾವಿಗೇಷನ್ ಬಳಸಿ. ಎಚ್ಚರವಾದ ಕೂಡಲೇ ಕಾಲಿಗೆ ಹೊಸ ನೋವು ಹರಿದರೆ ‘ಸರಿಹೋಗುತ್ತೆ ಬಿಡಿ’ ಎನ್ನಬೇಡಿ. ಅಂದೇ ಸಿಟಿ ಮಾಡಿಸಿ.

8. ಭರವಸೆಯನ್ನು ಅಳೆದು ಕೊಡಿ, ಅಳೆದು ತೆಗೆದುಕೊಳ್ಳಿ. ಅಮೆರಿಕದ ಇನ್‌ಸೈಟ್ (148 ಜನ), ಯೂರೋಪಿನ ಐಮಿಯಾ (103 ಜನ) ಪ್ರಯೋಗಗಳಲ್ಲಿ ಬೆಸುಗೆಯಾದವರು ಶಸ್ತ್ರಚಿಕಿತ್ಸೆಯಿಲ್ಲದ ಗುಂಪಿಗಿಂತ ಸ್ಪಷ್ಟವಾಗಿ ಸುಧಾರಿಸಿದರು. ಆದರೆ ತಮಗೆ ಯಾವ ಚಿಕಿತ್ಸೆ ಸಿಕ್ಕಿತೆಂದು ಅವರಿಗೆಲ್ಲ ಗೊತ್ತಿತ್ತು. 2024ರಲ್ಲಿ ಪ್ರಕಟವಾದ ನಾರ್ವೆ, ಸ್ವೀಡನ್ ಪ್ರಯೋಗದಲ್ಲಿ 63 ಜನರಲ್ಲಿ ಕೆಲವರಿಗೆ ಇಂಪ್ಲಾಂಟ್, ಉಳಿದವರಿಗೆ ಬರೀ ಗಾಯ ಮಾಡಿ ಮುಗಿಸಿದ ನಟನೆಯ ಶಸ್ತ್ರಚಿಕಿತ್ಸೆ. ಆರು ತಿಂಗಳಿಗೆ ನೋವಿನಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ. ಸಣ್ಣ ಪ್ರಯೋಗ, ನಿಜ. ಆದರೂ ಇದನ್ನು ಹೇಳದೆ ಸಹಿ ಹಾಕಿಸಿಕೊಳ್ಳುವ ವೈದ್ಯರ ಬಳಿ ನಾನಾದರೆ ಎರಡನೇ ಅಭಿಪ್ರಾಯವಿಲ್ಲದೆ ಮಲಗುವುದಿಲ್ಲ.

9. ಊರುಗೋಲನ್ನು ಬೇಗ ಬಿಸಾಡಬೇಡಿ. ಪಕ್ಕದ ದಾರಿಯಲ್ಲಿ ಮಾಡಿಸಿಕೊಂಡವರಿಗೆ ಸಾಮಾನ್ಯವಾಗಿ ಮೂರರಿಂದ ಆರು ವಾರ ಆ ಕಾಲಿನ ಮೇಲೆ ಅರ್ಧಂಬರ್ಧ ಭಾರ ಅಷ್ಟೇ. ಬೀಡಿ, ಸಿಗರೇಟು ಮೂಳೆ ಕೂಡಲು ಬಿಡುವುದಿಲ್ಲ. ಆಪರೇಷನ್ನಿಗೆ ಮೊದಲೇ ನಿಲ್ಲಿಸಿ. ವಿಟಮಿನ್ ಡಿ ಕಡಿಮೆಯಿದ್ದರೆ ಸರಿಪಡಿಸಿಕೊಳ್ಳಿ. ಚಕ್ಕಳಮಕ್ಕಳ ಕೂರುವುದು, ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕುಕ್ಕರುಗಾಲು ಯಾವಾಗಿನಿಂದ ಎಂದು ಬಿಡಿಸಿ ಕೇಳಿ, ಡಿಸ್ಚಾರ್ಜ್ ಚೀಟಿಯಲ್ಲಿ ಇದನ್ನು ಬರೆದಿರುವುದಿಲ್ಲ. ಎರಡೂ ಬದಿಗೆ ನೋವಿದ್ದರೆ ಒಂದನ್ನು ಮೊದಲು ಮಾಡಿಸಿ, ಅದು ಚೇತರಿಸಿಕೊಂಡ ಮೇಲೆ ಇನ್ನೊಂದು. ಎರಡನ್ನೂ ಒಟ್ಟಿಗೆ ಮಾಡಿಸಿದರೆ ಊರುವುದಕ್ಕೆ ಯಾವ ಕಾಲು ಉಳಿಯಿತು?