ಹಿತ್ತಲ ಕೋಳಿಗೆ ಹಕ್ಕಿಜ್ವರದಿಂದ ರಕ್ಷಣೆ



ಸಂಘದ ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ನಾವು ಹನುಮಂತನಗರದ ತಂಗಿಯ ಮನೆಯಲ್ಲಿ ಎರಡು ದಿನ ಉಳಿದಿದ್ದೆವು. ಆಕೆ ತಾರಸಿಯ ಮೇಲೆ ಆರು ನಾಟಿ ಕೋಳಿಗಳನ್ನು ಸಾಕಿದ್ದಾಳೆ. ಬೆಳಿಗ್ಗೆ ತಟ್ಟೆಯಲ್ಲಿ ನುಚ್ಚು ಸುರಿದರೆ ಕೋಳಿಗಳಿಗಿಂತ ಮೊದಲು ಕಾಗೆಗಳೂ ಪಾರಿವಾಳಗಳೂ ಹಾಜರು. ಹತ್ತಿರದ ಕೆಂಪಾಂಬುಧಿ ಕೆರೆಯ ಕಡೆಯಿಂದ ಬೆಳ್ಳಕ್ಕಿಗಳು ತಲೆಯ ಮೇಲೆಯೇ ಹಾರಿಹೋಗುತ್ತವೆ. "ಅಣ್ಣಾ, ಪೇಪರಿನಲ್ಲಿ ಹಕ್ಕಿಜ್ವರ ಅಂತ ಬರ್ತಾನೇ ಇರುತ್ತೆ. ಈ ಕೋಳಿಗಳನ್ನು ಇಟ್ಟುಕೊಳ್ಳಲೋ, ಯಾರಿಗಾದರೂ ಕೊಟ್ಟುಬಿಡಲೋ?" ಎಂದು ಆಕೆ ಕೇಳಿದಳು. ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಊರಿಗೆ ಹಿಂತಿರುಗುವಾಗ ಬಸ್ಸಿನಲ್ಲಿ ನಮ್ಮ ಮನೆಯ ಸ್ಥಿತಿಯೇ ಕಣ್ಣ ಮುಂದೆ ಬಂತು. ತಂಗಿಯ ಮನೆಯಲ್ಲಿ ತಟ್ಟೆಯೊಂದೇ ಹಂಚಿಕೆಯಾಗುತ್ತಿತ್ತು. ನಮ್ಮಲ್ಲಿ ಕೋಳಿಗಳು ತೋಟದ ಹೊಂಡದ ನೀರು ಕುಡಿಯುತ್ತವೆ, ಗದ್ದೆಯ ಬದುವಿನಲ್ಲಿ ಕೊಕ್ಕರೆಗಳ ಜೊತೆ ಮೇಯುತ್ತವೆ, ಕಾಫಿ ಒಣಗಿಸುವ ಕಣದಲ್ಲಿ ಕಾಗೆಗಳ ಜೊತೆ ಕೆದಕುತ್ತವೆ. ಆದುದರಿಂದ ಪಶುವೈದ್ಯರಲ್ಲಿ ವಿಚಾರಿಸಿ, ಓದಿ ತಿಳಿದುಕೊಂಡು, ಈ ಪಾಠವನ್ನು ಬರೆಯುತ್ತಿದ್ದೇವೆ. ಹತ್ತು ಕೋಳಿಗಳ ವಿಷಯಕ್ಕೆ ಇಷ್ಟು ಬರೆಯಬೇಕೆ ಎಂದು ಕೆಲವರು ಕೇಳಬಹುದು. ನಮ್ಮ ಭಾಗದಲ್ಲಿ ಕೋಳಿ ಮೊಟ್ಟೆಯ ಹಣ ಮನೆಯ ಹೆಂಗಸರ ಕೈಯ ಹಣ. ಅಡಿಕೆ ಧಾರಣೆ ಬಿದ್ದ ವರ್ಷ ಮಕ್ಕಳ ಪುಸ್ತಕಕ್ಕೆ ಆಗುವುದು ಅದೇ. ಇದಕ್ಕಿಂತ ಮುಖ್ಯವಾಗಿ, ಈ ರೋಗ ಅಪರೂಪಕ್ಕಾದರೂ ಮನುಷ್ಯನಿಗೆ ತಗುಲುತ್ತದೆ. ತಗುಲಿದರೆ ಪ್ರಾಣಾಪಾಯವುಂಟು. ೨೦೨೫ರಲ್ಲಿ ಆಂಧ್ರಪ್ರದೇಶದಲ್ಲಿ ಎರಡು ವರ್ಷದ ಮಗುವೊಂದು ಈ ರೋಗದಿಂದ ತೀರಿಕೊಂಡಿತು.

ರೋಗ ಎಲ್ಲಿಂದ ಬರುತ್ತದೆ?

ಹಕ್ಕಿಜ್ವರ ಒಂದು ವೈರಸ್ಸಿನಿಂದ ಬರುವ ರೋಗ. ಇದರಲ್ಲಿ ಹಲವು ಬಗೆಗಳಿದ್ದು, ಎಚ್೫ಎನ್೧ ಎಂಬುದು ಕೋಳಿಗಳಿಗೆ ಬಹಳ ಮಾರಕವಾದದ್ದು. ಕಾಡುಬಾತುಗಳಂಥ ನೀರುಹಕ್ಕಿಗಳು ಎಷ್ಟೋ ಸಲ ರೋಗದ ಲಕ್ಷಣವೇ ಇಲ್ಲದೆ ಈ ವೈರಸ್ಸನ್ನು ಹೊತ್ತು ತಿರುಗುತ್ತವೆ. ಅವುಗಳ ಹಿಕ್ಕೆ, ಜೊಲ್ಲು, ಮೂಗಿನ ಸಿಂಬಳಗಳಲ್ಲಿ ವೈರಸ್ಸು ಹೊರಬೀಳುತ್ತದೆ. ತಣ್ಣನೆಯ, ತೇವದ ಜಾಗದಲ್ಲಿ ಹಿಕ್ಕೆಯೊಳಗೆ ಅದು ವಾರಗಟ್ಟಲೆ ಜೀವಂತವಾಗಿರಬಲ್ಲದು. ಬಿಸಿಲು ಮತ್ತು ಒಣಹವೆಯಲ್ಲಿ ಬೇಗ ಸಾಯುತ್ತದೆ. ಅಡಿಕೆ ತೋಟದ ನೆರಳು ಮತ್ತು ತೇವ ನಮ್ಮ ಬೆಳೆಗೆ ಹೇಗೆ ಹಿತವೋ ಈ ವೈರಸ್ಸಿಗೂ ಹಾಗೆಯೇ ಹಿತ ಎಂಬುದನ್ನು ಮರೆಯಬಾರದು.

ದೂರದ ನಾಡುಗಳಿಂದ ವಲಸೆ ಹಕ್ಕಿಗಳು ಬರುವುದು ಚಳಿಗಾಲದಲ್ಲಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವುದನ್ನು ಸದಸ್ಯರು ಕೇಳಿರಬಹುದು. ಇದೇ ಜಾತಿಯ ಹೆಬ್ಬಾತುಗಳು ೨೦೨೦ರ ಡಿಸೆಂಬರ್ ಮತ್ತು ೨೦೨೧ರ ಜನವರಿಯಲ್ಲಿ ಹಿಮಾಚಲ ಪ್ರದೇಶದ ಪೊಂಗ್ ಜಲಾಶಯದಲ್ಲಿ ಹಕ್ಕಿಜ್ವರದಿಂದ ಸಾವಿರಾರು ಸಂಖ್ಯೆಯಲ್ಲಿ ಸತ್ತವು. ವಲಸೆ ಹಕ್ಕಿ ನೇರವಾಗಿ ನಮ್ಮ ಅಂಗಳಕ್ಕೆ ಬರಬೇಕೆಂದಿಲ್ಲ. ಅದು ಇಳಿದ ಕೆರೆಯ ನೀರು, ಆ ನೀರಿನಲ್ಲಿ ಮೆಟ್ಟಿದ ಬೆಳ್ಳಕ್ಕಿ, ಸತ್ತ ಹಕ್ಕಿಯನ್ನು ಕುಕ್ಕಿದ ಕಾಗೆ, ಕೆಸರು ಮೆತ್ತಿದ ನಮ್ಮ ಚಪ್ಪಲಿ, ಇವುಗಳಲ್ಲಿ ಯಾವುದಾದರೂ ಒಂದು ಸಾಕು. ನಮಗೆ ಕಾಫಿ ಕೊಯ್ಲು, ಅಡಿಕೆ ಸುಲಿತ ಎಂದು ಉಸಿರಾಡಲು ಬಿಡುವಿಲ್ಲದ ಕಾಲವೂ ಅದೇ. ಕೋಳಿಗಳ ಕಡೆ ನೋಡುವವರು ಯಾರೂ ಇರುವುದಿಲ್ಲ.

ನಮ್ಮ ರಾಜ್ಯದಲ್ಲಿ ನಡೆದದ್ದು

ನಮ್ಮ ದೇಶದಲ್ಲಿ ಈ ರೋಗ ಮೊದಲು ಕಾಣಿಸಿದ್ದು ೨೦೦೬ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಕರ್ನಾಟಕದಲ್ಲಿ ೨೦೧೨ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಕೋಳಿ ಸಾಕಣೆ ಸಂಸ್ಥೆಯ ಟರ್ಕಿ ಕೋಳಿಗಳಿಗೆ ತಗುಲಿತು. ೨೦೧೭ರ ಜನವರಿಯಲ್ಲಿ ಸತ್ತ ಹಕ್ಕಿಗಳಲ್ಲಿ ಎಚ್೫ಎನ್೮ ಬಗೆಯ ವೈರಸ್ಸು ಕಂಡುಬಂದು ಮೈಸೂರಿನ ಮೃಗಾಲಯವನ್ನು ಒಂದು ತಿಂಗಳು ಮುಚ್ಚಬೇಕಾಯಿತು. ೨೦೨೦ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಮನೆಮನೆಯ ಕೋಳಿಗಳನ್ನು ನಾಶಪಡಿಸಿದರು. ೨೦೨೫ರ ಫೆಬ್ರವರಿ ಕೊನೆಯ ಹೊತ್ತಿಗೆ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಕಾಣಿಸಿತು. ಅಲ್ಲಿ ಸತ್ತವು ದೊಡ್ಡ ಫಾರಂನ ಕೋಳಿಗಳಲ್ಲ, ನಮ್ಮಂಥವರ ಹಿತ್ತಲ ಕೋಳಿಗಳು. ಆದುದರಿಂದ ಇದು ಫಾರಂನವರ ತಲೆನೋವು ಎಂದು ನಾವು ಕೈಕಟ್ಟಿ ಕೂರುವಂತಿಲ್ಲ.

ಕೊಳೆರೋಗದ ಪಾಠವೇ ಇಲ್ಲಿಯೂ

ಅಡಿಕೆಗೆ ಕೊಳೆ ಬಂದ ಮೇಲೆ ಬೋರ್ಡೋ ಹೊಡೆದು ಪ್ರಯೋಜನ ಕಡಿಮೆ ಎಂಬುದು ನಮಗೆಲ್ಲ ಗೊತ್ತು. ಮಳೆಯನ್ನು ನಿಲ್ಲಿಸಲು ನಮ್ಮಿಂದಾಗದು, ಕೊನೆಗೆ ಮೊದಲೇ ಮದ್ದು ಹೊಡೆಯುವುದು ಆಗುತ್ತದೆ. ಹಕ್ಕಿಜ್ವರಕ್ಕೂ ಇದೇ ನ್ಯಾಯ. ರೋಗ ತಗುಲಿದ ಕೋಳಿಗೆ ಚಿಕಿತ್ಸೆಯಿಲ್ಲ. ನಮ್ಮ ಹಿತ್ತಲ ಕೋಳಿಗಳಿಗೆ ಎಚ್೫ಎನ್೧ ತಡೆಯುವ ಲಸಿಕೆ ಹಾಕುವ ಪದ್ಧತಿಯೂ ದೇಶದಲ್ಲಿಲ್ಲ. ಆಕಾಶದ ಹಕ್ಕಿಯನ್ನು ತಡೆಯಲು ಸಾಧ್ಯವಿಲ್ಲ. ಹಕ್ಕಿಯೂ ಕೋಳಿಯೂ ಕೂಡುವ ಜಾಗವನ್ನು ತಪ್ಪಿಸಲು ಸಾಧ್ಯವಿದೆ. ಈ ಪಾಠದ ಸಾರ ಇಷ್ಟೇ. ಅದನ್ನು ಆಚರಣೆಗೆ ತರುವ ಬಗೆ ಹೀಗೆ:

೧. ನೀರು: ಕೋಳಿಗಳಿಗೆ ಬಾವಿ ಅಥವಾ ಬೋರಿನ ನೀರನ್ನೇ ಇಡಿ. ಪಾತ್ರೆ ಮಾಡಿನ ಕೆಳಗಿರಲಿ, ದಿನವೂ ತೊಳೆಯಿರಿ. ಹೊಂಡ, ಕೆರೆ, ಗದ್ದೆಯ ಕಡೆಗೆ ಹೋಗದಂತೆ ಬಲೆಯ ಬೇಲಿ ಹಾಕಿ.

೨. ಮೇವು: ಅಂಗಳದಲ್ಲಿ ಚೆಲ್ಲುವ ಅಭ್ಯಾಸ ಬಿಡಬೇಕು. ಗೂಡಿನೊಳಗೆ ಹಾಕಿ, ತಿಂದು ಉಳಿದದ್ದನ್ನು ತೆಗೆಯಿರಿ. ಅಕ್ಕಿ ನುಚ್ಚು, ಹಿಂಡಿಯ ಚೀಲಗಳ ಬಾಯಿ ಕಟ್ಟಿರಲಿ. ಕಾಗೆ ಬರುವುದು ಕೋಳಿಗಾಗಿ ಅಲ್ಲ, ಕಾಳಿಗಾಗಿ.

೩. ಗೂಡು: ಅಡಿಕೆ ದಬ್ಬೆಯ ಗೋಡೆ ಸಾಕು, ಒಳಗಿನಿಂದ ಸಣ್ಣ ಕಣ್ಣಿನ ಬಲೆ ಹೊಡೆಯಿರಿ. ಮಾಡಿಗೆ ಸೋಗೆಗಿಂತ ಹೆಂಚು ಅಥವಾ ಶೀಟು ಉತ್ತಮ, ಮೇಲಿನ ಹಿಕ್ಕೆ ಒಳಗೆ ತೊಟ್ಟಿಕ್ಕುವುದಿಲ್ಲ. ಬೆಳ್ಳಕ್ಕಿಗಳು ರಾತ್ರಿ ತಂಗುವ ಮರದಡಿ ಗೂಡು ಬೇಡ. ಕೋಳಿಯನ್ನು ವರ್ಷವಿಡೀ ಕೂಡಿಹಾಕುವುದು ಕಷ್ಟವೇ ಸರಿ. ನವೆಂಬರಿನಿಂದ ಮಾರ್ಚಿನವರೆಗಾದರೂ, ಹಾಗೂ ಸುತ್ತಮುತ್ತ ರೋಗದ ಸುದ್ದಿ ಬಂದಾಗ ಖಂಡಿತವಾಗಿಯೂ ಬಲೆಯೊಳಗೆ ಇಡಬೇಕು.

೪. ಬಾತುಕೋಳಿ: ಬಾತು ಸಾಕಿದ್ದರೆ ಅವಕ್ಕೆ ಬೇರೆ ಗೂಡು, ಬೇರೆ ನೀರು. ಕೆರೆಗೆ ಹೋಗಿ ಬರುವ ಬಾತು ಸಂಜೆ ಕೋಳಿಯ ಪಕ್ಕದಲ್ಲಿ ಮಲಗಬಾರದು.

೫. ಚಪ್ಪಲಿ ಮತ್ತು ಕೈ: ಗೂಡಿಗೆ ಹೋಗಲು ಒಂದು ಜೊತೆ ಚಪ್ಪಲಿ ಬೇರೆ ಇಡಿ, ಅದು ತೋಟಕ್ಕೆ ಹೋಗಬಾರದು. ಬಾಗಿಲಲ್ಲಿ ಸುಣ್ಣ ಹರಡಿ. ಬೋರ್ಡೋಗೆ ತಂದ ಸುಣ್ಣ ಎಲ್ಲರ ಮನೆಯಲ್ಲೂ ಇರುತ್ತದೆ. ಹೊರಬಂದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಈ ವೈರಸ್ಸು ಸಾಬೂನಿಗೆ ಬಗ್ಗುತ್ತದೆ.

೬. ಹೊಸ ಕೋಳಿ: ಸಂತೆಯಿಂದ ತಂದ ಹೇಟೆಯಾಗಲಿ, ಚೌಡಿಗೆ ಬಿಡಲು ತಂದ ಹುಂಜವಾಗಲಿ, ಗಿರಿರಾಜ ಮರಿಗಳಾಗಲಿ, ಮೂರು ವಾರ ಬೇರೆ ಇಟ್ಟು ನೋಡಿ ಆಮೇಲೆ ಸೇರಿಸಿ.

೭. ಕೋಳಿಗೊಬ್ಬರ: ಇದು ನಮ್ಮಂಥ ಬೆಳೆಗಾರರೇ ವಿಶೇಷವಾಗಿ ಗಮನಿಸಬೇಕಾದ ಸಂಗತಿ. ಹೊರಗಿನ ಫಾರಂಗಳಿಂದ ಲಾರಿಗಟ್ಟಲೆ ಗೊಬ್ಬರ ತರಿಸಿ ಮನೆಯ ಪಕ್ಕದಲ್ಲಿ ಇಳಿಸಿಕೊಳ್ಳುತ್ತೇವೆ. ನಮ್ಮ ಕೋಳಿಗಳು ಹುಳುವಿಗಾಗಿ ಅದರ ಮೇಲೆಯೇ ಕೆದಕುತ್ತವೆ. ರೋಗದ ಸುದ್ದಿಯಿರುವ ಕಡೆಯಿಂದ ಗೊಬ್ಬರ ತರಿಸಲೇಬೇಡಿ. ತಂದ ಗೊಬ್ಬರವನ್ನು ಮನೆಯಿಂದ ದೂರ ರಾಶಿ ಹಾಕಿ, ಟಾರ್ಪಾಲು ಮುಚ್ಚಿ, ಚೆನ್ನಾಗಿ ಬಿಸಿಯೇರಿ ಕಳಿತ ಮೇಲೆಯೇ ಗಿಡಕ್ಕೆ ಹಾಕಿ.

ಸಾವು ಕಂಡಾಗ

ಒಂದೆರಡು ದಿನದಲ್ಲಿ ಕೋಳಿಗಳು ಒಂದರ ಹಿಂದೊಂದು ಸಾಯುವುದು, ಜುಟ್ಟು ಮತ್ತು ಜೋಲು ನೀಲಿಗಟ್ಟುವುದು, ಮುಖ ಊದುವುದು, ಕಾಲಿನ ಮೇಲೆ ರಕ್ತದ ಕಲೆ, ಮೊಟ್ಟೆ ಥಟ್ಟನೆ ನಿಲ್ಲುವುದು, ಕತ್ತು ತಿರುಚಿಕೊಳ್ಳುವುದು, ಇವು ಲಕ್ಷಣಗಳು. ಕೊಕ್ಕರೆ ರೋಗದಲ್ಲೂ ಹೆಚ್ಚುಕಡಿಮೆ ಇದೇ ಚಿಹ್ನೆಗಳು ಕಾಣುತ್ತವೆ. ಕಣ್ಣಿನಲ್ಲಿ ನೋಡಿ ತೀರ್ಮಾನಿಸಲು ವೈದ್ಯರಿಂದಲೂ ಆಗದು. ಮಾದರಿ ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋಗಿ ಖಚಿತವಾಗಬೇಕು. ಕೊಕ್ಕರೆ ಬೆಳ್ಳೂರಿನಲ್ಲಿ ೨೦೧೭-೧೮ರಲ್ಲಿ ಹೆಜ್ಜಾರ್ಲೆಗಳು ಸಾಯತೊಡಗಿದಾಗ ಹಕ್ಕಿಜ್ವರವೆಂದೇ ಜನ ಹೆದರಿದ್ದರು. ಪರೀಕ್ಷೆಯಲ್ಲಿ ತಿಳಿದದ್ದು ಹೊಟ್ಟೆಯ ಹುಳುವಿನ ಬಾಧೆ. ಸುಮ್ಮನೆ ಹೆದರುವುದೂ ತಪ್ಪು, ಸುಮ್ಮನೆ ಕೂರುವುದೂ ತಪ್ಪು.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ, ಕೊಯ್ಲಿನ ನಡುವೆ, ನಮ್ಮ ಮನೆಯಲ್ಲಿ ನಾಲ್ಕು ದಿನದಲ್ಲಿ ಹದಿನಾಲ್ಕು ಕೋಳಿ ಸತ್ತವು. ನಾವು ಯಾರಿಗೂ ಹೇಳಲಿಲ್ಲ. ಸತ್ತವನ್ನು ಅಡಿಕೆ ಬುಡದಲ್ಲಿ ಹೂತೆವು, ರಾತ್ರಿ ನಾಯಿಗಳು ಅಗೆದು ಎಳೆದಾಡಿದವು. ಉಳಿದ ಮೂರನ್ನು ಕೆಲಸದವರ ಮನೆಗೆ ಕೊಟ್ಟೆವು. ಅವರು ಅದನ್ನು ಕೊಯ್ದು ಸಾರು ಮಾಡಿ ಮಕ್ಕಳಿಗೆ ಬಡಿಸಿದರು. ಯಾರಿಗೂ ಏನೂ ಆಗಲಿಲ್ಲ. ಅದು ಕೊಕ್ಕರೆ ರೋಗವೇ ಇದ್ದಿರಬೇಕು. ಆದರೆ ನಾವು ಪರೀಕ್ಷೆ ಮಾಡಿಸಲಿಲ್ಲವಾದ್ದರಿಂದ ಇಂದಿಗೂ ಖಚಿತವಾಗಿ ಹೇಳಲಾರೆವು. ಆ ಮಕ್ಕಳು ಈಗಲೂ ನಮ್ಮ ಅಂಗಳದಲ್ಲಿ ಆಡುತ್ತಾರೆ. ಅವರನ್ನು ಕಂಡಾಗಲೆಲ್ಲ ಈ ಮಾತು ನೆನಪಾಗುತ್ತದೆ.

ಆದುದರಿಂದ ಸದಸ್ಯರು ಹೀಗೆ ಮಾಡತಕ್ಕದ್ದು: ಕೂಡಲೇ ಸಮೀಪದ ಪಶುವೈದ್ಯ ಆಸ್ಪತ್ರೆಗೆ ತಿಳಿಸಿ, ಅಥವಾ ೧೯೬೨ಕ್ಕೆ ಫೋನು ಮಾಡಿ. ವೈದ್ಯರು ಬರುವವರೆಗೆ ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳು, ನಾಯಿ, ಬೆಕ್ಕು ಹತ್ತಿರ ಹೋಗದಂತೆ ಮುಚ್ಚಿಡಿ. ಹಳ್ಳಕ್ಕೆ ಎಸೆಯಬೇಡಿ. ಉಳಿದವನ್ನು ಮಾರಬೇಡಿ, ಕೊಯ್ಯಬೇಡಿ, ಯಾರಿಗೂ ಕೊಡಬೇಡಿ. ಕೋಳಿ ಮುಟ್ಟಿದವರಿಗೆ ಜ್ವರ, ಕೆಮ್ಮು ಬಂದರೆ ವೈದ್ಯರಲ್ಲಿ ಆ ವಿಷಯವನ್ನು ಹೇಳಿಯೇ ಔಷಧಿ ಪಡೆಯಿರಿ. ಕೆರೆಯ ಬಳಿ ಹಲವು ಕಾಗೆ, ಕೊಕ್ಕರೆಗಳು ಸತ್ತು ಬಿದ್ದಿದ್ದರೂ ತಿಳಿಸಬೇಕು.

ತಿಳಿಸಿದರೆ ಕೋಳಿಗಳನ್ನೆಲ್ಲ ಕೊಂದುಬಿಡುತ್ತಾರೆ ಎಂಬ ಭಯದಿಂದ ಮುಚ್ಚಿಡುವವರಿದ್ದಾರೆ. ರೋಗ ದೃಢಪಟ್ಟರೆ ಒಂದು ಕಿಲೋಮೀಟರ್ ತ್ರಿಜ್ಯದ ಸೋಂಕಿತ ವಲಯದಲ್ಲಿ ಕೋಳಿಗಳನ್ನು ನಾಶಪಡಿಸಿ, ಹತ್ತು ಕಿಲೋಮೀಟರ್‌ವರೆಗೆ ನಿಗಾ ಇಡುತ್ತಾರೆ ಎಂಬುದು ನಿಜ. ಹೀಗೆ ನಾಶಪಡಿಸಿದ ಕೋಳಿಗೆ ಸರ್ಕಾರದ ನಿಗದಿತ ದರದಲ್ಲಿ ಪರಿಹಾರವುಂಟು. ತಾನಾಗಿ ಸತ್ತದ್ದಕ್ಕೆ ಇಲ್ಲ. ತಡ ಮಾಡಿದಷ್ಟೂ ನಷ್ಟ ನಮ್ಮದೇ, ಸೋಂಕು ನೆರೆಯವರದು.

ಕೊನೆಯದಾಗಿ ಎರಡು ಮಾತು. ಹಕ್ಕಿಗಳ ಮೇಲೆ ಸಿಟ್ಟು ಬೇಡ. ಗೂಡಿರುವ ಮರ ಕಡಿಯುವುದು, ಹಕ್ಕಿ ಹೊಡೆಯುವುದು ಕಾನೂನಿಗೂ ವಿರುದ್ಧ, ಪ್ರಯೋಜನವೂ ಇಲ್ಲ, ಚದುರಿದ ಹಕ್ಕಿ ಸೋಂಕನ್ನು ಇನ್ನೂ ದೂರ ಒಯ್ದೀತು. ಹಾಗೆಯೇ ಊಟದ ಬಗ್ಗೆ ಅಂಜಿಕೆ ಬೇಡ. ಆರೋಗ್ಯವಂತ ಕೋಳಿಯ ಮಾಂಸ, ಮೊಟ್ಟೆಗಳನ್ನು ಒಳಗಿನವರೆಗೆ ಚೆನ್ನಾಗಿ ಬೇಯಿಸಿ ತಿನ್ನಬಹುದು, ೭೦ ಡಿಗ್ರಿ ಶಾಖದಲ್ಲಿ ವೈರಸ್ಸು ಸಾಯುತ್ತದೆ.

ಹನುಮಂತನಗರದ ತಂಗಿಗೆ ನಾವು ಫೋನಿನಲ್ಲಿ ಉತ್ತರ ಹೇಳಿದೆವು: ಕೋಳಿಗಳನ್ನು ಇಟ್ಟುಕೋ, ತಟ್ಟೆಯನ್ನು ಮಾತ್ರ ಬಲೆಯೊಳಗೆ ಇಡು. ನಮ್ಮ ಮನೆಯಲ್ಲೂ ಹೊಂಡದ ಸುತ್ತ ಬೇಲಿ ಎದ್ದಿದೆ. ಸದಸ್ಯರು ಈ ಸಲದ ಕೊಯ್ಲಿಗೆ ಆಳು ಹೊಂದಿಸುವ ಮೊದಲೇ ಒಂದು ದಿನ ಬಿಡುವು ಮಾಡಿಕೊಂಡು ತಮ್ಮ ಕೋಳಿಗೂಡಿನ ಸುತ್ತ ಒಮ್ಮೆ ನಡೆದು ನೋಡಬೇಕೆಂದು ಕೋರುತ್ತೇವೆ.

ಕಾರ್ಯದರ್ಶಿ